ಸಹಾಯ ಬೇಕು: ಟ್ಯಾಂಕಿನ ನೆರಳು ಬೀಳುವ ತಾರಸಿಗೆ 3 ಕಿಲೋವ್ಯಾಟ್ ಸೋಲಾರ್

ಎಲ್ಲರಿಗೂ ನಮಸ್ಕಾರ. ಮನೆ ಬೆಂಗಳೂರಿನಲ್ಲಿ, ತಿಂಗಳಿಗೆ 340 ಯೂನಿಟ್ ಖರ್ಚು. 200 ದಾಟುವುದರಿಂದ ಗೃಹಜ್ಯೋತಿ ಸಿಗುವುದಿಲ್ಲ. 540 ವ್ಯಾಟಿನ 6 ಪ್ಯಾನೆಲ್, ಆನ್‌ಗ್ರಿಡ್ ಇನ್ವರ್ಟರ್ (ಪ್ಯಾನೆಲ್‌ನ ಕರೆಂಟನ್ನು ಮನೆಬಳಕೆಗೆ ಬದಲಿಸಿ ವಿದ್ಯುತ್ ಜಾಲಕ್ಕೆ ಜೋಡಿಸುವ ಸಾಧನ), ನೆಟ್ ಮೀಟರ್ (ಜಾಲಕ್ಕೆ ಕೊಟ್ಟ, ಅಲ್ಲಿಂದ ಪಡೆದ ಯೂನಿಟ್ ಎರಡನ್ನೂ ಅಳೆಯುವ ಮೀಟರ್) ಎಲ್ಲ ಸೇರಿ 1.95 ಲಕ್ಷ ಹೇಳಿದ್ದಾರೆ. ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆಯ ಸಬ್ಸಿಡಿ 78,000 ಕಳೆದರೆ 1.17 ಲಕ್ಷ. ಯೂನಿಟ್ಟಿಗೆ ಸುಮಾರು 6 ರೂಪಾಯಿ ಹಿಡಿದರೂ 5 ವರ್ಷದೊಳಗೆ ಅಸಲು ಬರಬೇಕು. ಸಬ್ಸಿಡಿಗೆ ದೇಶದಲ್ಲೇ ತಯಾರಾದ ಸೆಲ್ ಇರುವ ಪ್ಯಾನೆಲ್ಲೇ ಆಗಬೇಕು, ಅದನ್ನು ಕೊಟೇಶನ್ನಿನಲ್ಲಿ ಬರೆಸಿಕೊಂಡಿದ್ದೇನೆ.

ತೊಡಕಿರುವುದು ನೆರಳಿನಲ್ಲಿ. ಮಧ್ಯಾಹ್ನ 3ರ ನಂತರ ನೀರಿನ ಟ್ಯಾಂಕಿನ ನೆರಳು ಪಡುವಣದ ಎರಡು ಪ್ಯಾನೆಲ್‌ಗಳ ಕೆಳಅಂಚಿಗೆ ಅಡ್ಡಲಾಗಿ ಬೀಳುತ್ತದೆ. ಆರೂ ಒಂದೇ ಸ್ಟ್ರಿಂಗ್, ಅಂದರೆ ಒಂದರ ಹಿಂದೊಂದು ಸರಣಿಯಾಗಿ ಜೋಡಿಸಿದ್ದು. ಪ್ಯಾನೆಲ್‌ನೊಳಗಿನ ಬೈಪಾಸ್ ಡಯೋಡ್ ನೆರಳಾದ ಭಾಗವನ್ನು ಬಿಟ್ಟು ಕರೆಂಟನ್ನು ಬೇರೆ ದಾರಿಯಲ್ಲಿ ಹರಿಸುತ್ತದೆ ನಿಜ, ಆದರೆ ವೋಲ್ಟೇಜ್ ಇನ್ವರ್ಟರ್‌ನ ಕನಿಷ್ಠ ಮಿತಿಗಿಂತ ಕೆಳಗಿಳಿದರೆ ಇಡೀ ಸಂಜೆಯ ಉತ್ಪಾದನೆಯೇ ಹೋಗುತ್ತದಲ್ಲ?

ಆ ಎರಡಕ್ಕೆ ಮಾತ್ರ ಆಪ್ಟಿಮೈಸರ್ (ಒಂದೊಂದು ಪ್ಯಾನೆಲ್‌ನ ಉತ್ಪಾದನೆಯನ್ನು ಬೇರೆಬೇರೆಯಾಗಿ ಸರಿಹೊಂದಿಸುವ ಸಾಧನ) ಹಾಕಿದರೆ ಸಾಕೇ, ಅಥವಾ ಪ್ಯಾನೆಲ್ ಕೂರಿಸುವ ಸ್ಟ್ರಕ್ಚರ್ ಅನ್ನು 3 ಅಡಿಯಿಂದ 8 ಅಡಿಗೆ ಎತ್ತರಿಸುವುದು ಒಳ್ಳೆಯದೇ? ಎತ್ತರಿಸಿದರೆ ಗಾಳಿಯ ಹೊಡೆತ ಹೆಚ್ಚು. ಬರೀ ಆ್ಯಂಕರ್ ಬೋಲ್ಟ್ ನಂಬಿ ತಾರಸಿ ಕೊರೆಸಿದರೆ ಮಳೆಗಾಲದಲ್ಲಿ ಸೋರುವ ಭಯವೂ ಇದೆ. ಕಂಬಗಳ ಬುಡಕ್ಕೆ ಕಾಂಕ್ರೀಟ್ ಪೆಡೆಸ್ಟಲ್ (ದಿಮ್ಮಿ) ಹಾಕಿಸಿದವರು ಅದರ ಅಳತೆ, ಖರ್ಚು ದಯವಿಟ್ಟು ತಿಳಿಸಿ.