ಹಳೇ ಅಮೆರಿಕನ್ ಯುದ್ಧದ ಕಾಮಿಕ್ಸ್ ಮಗನ ಕೈಯಾಗ ಕೊಡಬೇಕೋ ಬ್ಯಾಡೋ?

ಕ್ಯಾಂಪ್_ಬೆಳಗಾವಿ:
ನಮಸ್ಕಾರ್ರಿ ಎಲ್ಲಾರಿಗೂ. ಹ್ವಾದ ವಾರ ರದ್ದಿ ಅಂಗಡ್ಯಾಗ ಬ್ಲ್ಯಾಕ್‌ಹಾಕ್ ಅನ್ನೋ ಅಮೆರಿಕನ್ ಕಾಮಿಕ್ಸಿನ, ಯುದ್ಧದಾಗ ವಿಮಾನ ಹಾರ್ಸೋ ಒಂದು ತಂಡದ ಹಳೇ ಕಥಿಗಳ ಮರುಮುದ್ರಣ ಸಿಕ್ತು, ಖುಷಿಯಿಂದ ತಂದೆ. ಐದನೆತ್ತಾ ಓದೋ ಮಗ ನಾಕ್ ಪುಟ ತಿರುವಿ ಕೇಳಿದ, ಪಪ್ಪಾ ಎಲ್ಲಾರೂ ಒಂದ ಯೂನಿಫಾರ್ಮ್ ಹಾಕ್ಯಾರ, ಇವಗ ಯಾಕ ಇಲ್ಲ ಅಂತ. ಅಂವ ಚಾಪ್‌ಚಾಪ್, ಚೀನಾದಂವ, ತಂಡದ ಅಡಗಿಯಾಂವ. ಉದ್ದ ಜಡಿ, ಹೊರಗ ಬಂದ ಹಲ್ಲು, ಮಾರಿಗೆ ಅರಿಷಿಣ ಬಳದಂಗ ಬಣ್ಣ, ಕೈಯಾಗ ಮಟನ್ ಕಡಿಯೋ ಕತ್ತಿ. ಉಳದವ್ರಿಗೆಲ್ಲ ಒಂದೊಂದು ವಿಮಾನ, ಇಂವ ಮಾತ್ರ ನಾಯಕನ ಹಿಂದ ಕುಂತು ಹೋಗ್ತಾನ. ನಾ ಸಣ್ಣಾಂವ ಇದ್ದಾಗ ಇದನ್ನ ನೋಡಿ ನಕ್ಕಿದ್ದೆ, ಈಗ ಮಗನ ಮುಂದ ಉತ್ತರ ಬರವಲ್ದು. ಎತ್ತಿಡಲೇನು?

ಗುಮ್ಮಟದ_ಓದುಗ, ವಿಜಯಪುರ:
ಎತ್ತಿಡಬ್ಯಾಡ್ರಿ. ಬ್ಲ್ಯಾಕ್‌ಹಾಕ್ ಶುರು ಆಗಿದ್ದು 1941ರಾಗ, ಅದ ವರ್ಷದ ಕಡೀಕ ಜಪಾನ್ ವಿರುದ್ಧ ಅಮೆರಿಕಾ ಚೀನಾ ಎರಡೂ ಒಂದ ಕಡೆ ನಿಂತ್ವು. ಅಂದ್ರ ಇಂವ ವೈರಿ ಅಲ್ಲ, ಗೆಳ್ಯಾ, ಆದ್ರೂ ಹಿಂಗ ಬರದ್ರು. ವೈರಿ ಮ್ಯಾಲ ಸಿಟ್ಟಿತ್ತು ಅದಕ್ಕ ಹಂಗ ಬರದ್ರು ಅಂತಾರಲ್ಲ, ಆ ಮಾತು ಇಲ್ಲಿ ನಡ್ಯಂಗಿಲ್ಲ. ಒಂದು ಭೂತಗನ್ನಡಿ ತಗೊಂಡು ಹಳೇ ಪ್ರಿಂಟ್ ನೋಡ್ರಿ, ಬಿಳಿಯರ ಮಾರಿಗೆ ಕೆಂಪು ಹಳದಿ ಎರಡೂ ತೆಳ್ಳಗ ಚುಕ್ಕಿ ಹಾಕಿ ಚರ್ಮದ ಬಣ್ಣ ತಂದಿರ್ತಾರ, ಏಷ್ಯಾದವ್ರಿಗೆ ಬರೇ ಹಳದಿ ಸುರದಿರ್ತಾರ. ಇನ್ನೊಂದು ಕೇಳ್ರಿ, 1963ರ ಸಾರ್ಜೆಂಟ್ ಫ್ಯೂರಿ ಅನ್ನೋ ಯುದ್ಧದ ಕಾಮಿಕ್ಸಿನ ಮೊದಲ ಸಂಚಿಕ್ಯಾಗ ಗೇಬ್ ಜೋನ್ಸ್ ಅನ್ನೋ ಕಪ್ಪು ಸೈನಿಕನ್ನ ತಂದ್ರ ಬಣ್ಣದ ಪ್ಲೇಟ್ ಮಾಡೋರು ಅವನ್ನೂ ಬಿಳಿಯನ ಬಣ್ಣಕ್ಕ ತಂದು ಹಾಕಿದ್ರು.

ಬಾಗಲಕೋಟಿ_ಟೀಚರ್:
ನನಗ ಪೂರ್ತಿ ಒಪ್ಗಿ ಇಲ್ರಿ ಅಣ್ಣಾರ. ನಮ್ಮ ಸಾಲ್ಯಾಗ ಈಶಾನ್ಯದ ಕಡೆಯಿಂದ ಬಂದ ಒಬ್ಬ ಹುಡುಗನ್ನ ಕಣ್ಣು ಹಿಡದು ಎಳದು ಉಳದ ಹುಡುಗರು ಆಡ್ಸೋದನ್ನ ಕಣ್ಣಾರೆ ನೋಡೇನಿ, ಆ ಕೂಸು ಒಂದು ತಿಂಗಳು ಊಟದ ಡಬ್ಬಿ ಒಬ್ನ ಕುಂತು ತಿಂತು. ಇಂಥಾ ಚಿತ್ರ ನೋಡಿ ನಗೋದು ಕಲ್ತ ಹುಡುಗ ಅದನ್ನ ತರಗತಿಗೆ ತರ್ತಾನ. ಕೊಡ್ರಿ, ಆದ್ರ ಒಬ್ನ ಓದಾಕ ಬಿಡಬ್ಯಾಡ್ರಿ, ಬಾಜೂಕ ಕುಂಡ್ರಿ.

ಫೌಜಿ_ಗೋಕಾಕ:
ಇಪ್ಪತ್ತು ವರ್ಷ ಫೌಜಿನ್ಯಾಗ ಇದ್ದು ಬಂದಾಂವ ನಾನು, ವೈರೀನೂ ಯಾರದೋ ಮನೀ ಮಗ ಅನ್ನೋದು ಗೊತ್ತಿರ್ತೈತ್ರಿ. ಆ ಕಾಲದಾಗೂ ಅದನ್ನ ತಿಳದವ್ರು ಇದ್ರು. ಹಾರ್ವೀ ಕರ್ಟ್ಜ್‌ಮನ್ ಅನ್ನೋ ಅಮೆರಿಕನ್ ಕಾಮಿಕ್ಸ್ ಕಲಾವಿದ ಕೊರಿಯಾ ಯುದ್ಧ ನಡದಾಗ್ಲೇ ಟೂ ಫಿಸ್ಟೆಡ್ ಟೇಲ್ಸ್ ಅನ್ನೋ ಕಾಮಿಕ್ಸ್‌ನ್ಯಾಗ ಇಮ್ಜಿನ್ ನದಿಯ ಹೆಣದ ಕಥಿ ಬರದ್ರು, 1952. ಅಮೆರಿಕನ್ ಸೈನಿಕ ಒಬ್ಬ ಕೊರಿಯನ್ ಸೈನಿಕನ್ನ ಬರೇ ಕೈಲೆ ನೀರಾಗ ಮುಳುಗಿಸಿ ಕೊಲ್ತಾನ, ಗೆದ್ದೆ ಅನ್ನೋ ಖುಷಿ ಒಂದು ಚಿತ್ರದಾಗೂ ಇಲ್ಲ. ಅದಕ್ಕ ಕಾಲಾನ ಹಂಗಿತ್ತು ಅನ್ನೋರ ಮಾತು ನಾ ಒಪ್ಪಂಗಿಲ್ಲ. ಮತ್ತ ನಿಮ್ಮೂರಾಗ ಮರಾಠಾ ಲೈಟ್ ಇನ್‌ಫಂಟ್ರಿ ಸೆಂಟರ್ ಐತಿ, ಆ ಪಲ್ಟನ್ನಿನ ಯಶವಂತ ಘಾಡಗೆ, ನಾಮದೇವ ಜಾಧವ ಇಬ್ರಿಗೂ ಎರಡನೇ ಮಹಾಯುದ್ಧದ ಇಟಲಿ ಲಡಾಯಿಗೆ ಶೌರ್ಯದ ದೊಡ್ಡ ಬ್ರಿಟಿಷ್ ಪದಕ ವಿಕ್ಟೋರಿಯಾ ಕ್ರಾಸ್ ಬಂತು, ಘಾಡಗೆ ಅಲ್ಲೇ ತೀರಿಕೊಂಡ್ರು. ಆ ಯುದ್ಧದಾಗ ನಮ್ಮ ಭಾರತದ ಸೈನಿಕ್ರು 25 ಲಕ್ಷ ಮಂದಿ ಇದ್ರು. ಮಗಗ ಅವ್ರ ಹೆಸ್ರೂ ಹೇಳ್ರಿ.

ಕ್ಯಾಂಪ್_ಬೆಳಗಾವಿ:
ಟೀಚರ್ ಅಕ್ಕಾರ, ನೀವು ಹೇಳಿದ ಆ ಹುಡುಗನ ಡಬ್ಬಿ ಮಾತು ಓದಿ ಮನಸಿಗೆ ಭಾಳ ನಾಟ್ತು. ನಿನ್ನೆ ರಾತ್ರಿ ಊಟಾದ ಮ್ಯಾಲ ಮಗನ ಬಾಜೂಕ ಕುಂತೆ, ಭೂತಗನ್ನಡಿ ಹಿಡದು ಚುಕ್ಕಿ ತೋರ್ಸಿದೆ. ನನ್ನ ಅಜ್ಜನೂ ಮರಾಠಾದಾಗ ಇದ್ದು ಇಟಲಿಗೆ ಹೋಗಿ ಬಂದಾಂವ ಅಂತ ಹೇಳಿ ಗ್ವಾಡಿ ಮ್ಯಾಲಿನ ಫೋಟೋ ಇಳಿಸಿ ಕೊಟ್ಟೆ. ಅಂವ ಫೋಟೋ ನೋಡಿದ, ಪುಸ್ತಕ ನೋಡಿದ, ಆಮ್ಯಾಲ ಮುತ್ಯಾನ್ನ ಅವ್ರು ಬರದಿದ್ರ ಹೆಂಗ ಬರೀತಿದ್ರು ಪಪ್ಪಾ ಅಂದ. ಇವತ್ತು ಸಾಲಿಯಿಂದ ಬಂದು ಪೆನ್ಸಿಲ್ ಹಿಡದು ಚಾಪ್‌ಚಾಪ್‌ಗ ಯೂನಿಫಾರ್ಮ್ ಹಾಕಿ ಬರಿಯಾಕತ್ತಾನ. ಫೌಜಿ ಅಣ್ಣಾರ, ಕರ್ಟ್ಜ್‌ಮನ್ ಪುಸ್ತಕ ನಿಮ್ಮ ಹತ್ರ ಇದ್ರ ಹೇಳ್ರಿ, ಐತವಾರ ಗೋಕಾಕಕ್ಕ ಬರ್ತೇವಿ.