ಸಹಾಯ ಬೇಕು: ಈಮ್ಯಾಕ್ಸ್ ಚೈಲ್ಡ್ ಪ್ರೊಸೆಸ್‌ನ ಉತ್ತರ ಓದುವಾಗ ಎಡಿಟರ್ ನಿಂತುಬಿಡುತ್ತೆ

ನಮಸ್ಕಾರ. ಈಮ್ಯಾಕ್ಸ್ ಎಡಿಟರ್‌ಗೆ ಲಿಸ್ಪ್ ಭಾಷೆಯಲ್ಲಿ ಕೋಡ್ ಬರೆಯೋರು ಯಾರಾದರೂ ಇದ್ದರೆ ಸ್ವಲ್ಪ ನೋಡಿ.

ನನ್ನ ಟಿಪ್ಪಣಿ ಫೈಲುಗಳು ಸಾವಿರಾರು. ಅವುಗಳ ತಲೆಬರಹ ಹೆಕ್ಕಿ ಇಂಡೆಕ್ಸ್ ಮಾಡೋಕೆ ಹೊರಟರೆ ಕರ್ಸರ್ ಅಲ್ಲೇ ಕಲ್ಲಾಗ್ತಿತ್ತು. ಈಮ್ಯಾಕ್ಸ್ 26ನೇ ಆವೃತ್ತಿಯಲ್ಲಿ ಬಂದ ಥ್ರೆಡ್‌ಗಳನ್ನೂ (ಒಂದೇ ಪ್ರೋಗ್ರಾಮಿನೊಳಗಿನ ಬೇರೆ ಬೇರೆ ಕೆಲಸದ ಎಳೆಗಳು) ನೋಡಿದೆ. ಒಂದು ಸಲಕ್ಕೆ ಒಂದೇ ಓಡೋದರಿಂದ ಉಪಯೋಗ ಆಗಲಿಲ್ಲ. ಹಾಗಾಗಿ ಮೇಕ್-ಪ್ರೊಸೆಸ್ ಫಂಕ್ಷನ್ ಬಳಸಿ ಬ್ಯಾಚ್ ಮೋಡ್‌ನಲ್ಲಿ (ಕಿಟಕಿ ತೆರೆಯದೆ) ಇನ್ನೊಂದು ಈಮ್ಯಾಕ್ಸ್ ಎಬ್ಬಿಸಿ ಕೆಲಸ ಅದಕ್ಕೆ ದಾಟಿಸಿದೆ. ಅದು ಫಲಿತಾಂಶವನ್ನ ಪ್ರಿನ್1ನಿಂದ (ಲಿಸ್ಪ್ ಡೇಟಾವನ್ನ ಪಠ್ಯವಾಗಿ ಬರೆಯೋ ಫಂಕ್ಷನ್) ಒಂದೇ ದೊಡ್ಡ ಲಿಸ್ಟಾಗಿ ಎರಡು ಪ್ರೊಸೆಸ್‌ಗಳ ನಡುವಿನ ಪೈಪಿಗೆ ಬರೆಯುತ್ತೆ.

ಮೊದಲು "ಎಂಡ್ ಆಫ್ ಫೈಲ್ ಡ್ಯೂರಿಂಗ್ ಪಾರ್ಸಿಂಗ್" ಅಂತ ಬೈಸಿಕೊಂಡೆ. ಚೈಲ್ಡ್ ಪ್ರೊಸೆಸ್ ಕಳಿಸಿದ್ದನ್ನ ಪಡೆಯೋ ಫಿಲ್ಟರ್ ಫಂಕ್ಷನ್‌ಗೆ ಉತ್ತರ ಇಡಿಯಾಗಿ ಬರಲ್ಲ, ತುಂಡು ತುಂಡಾಗಿ ಬರುತ್ತೆ. ಕಂಸ ಮುಚ್ಚೋ ಮೊದಲೇ ನಾನು ಪಠ್ಯವನ್ನ ಮತ್ತೆ ಲಿಸ್ಪ್ ಡೇಟಾ ಮಾಡೋ ರೀಡ್ ಫಂಕ್ಷನ್ ಕರೀತಿದ್ದೆ. ಈಗ ತುಂಡುಗಳನ್ನ ಒಂದು ಬಫರಿನಲ್ಲಿ (ಈಮ್ಯಾಕ್ಸ್ ಪಠ್ಯ ಇಟ್ಟುಕೊಳ್ಳೋ ಜಾಗ) ಕೂಡಿಟ್ಟು, ಪ್ರೊಸೆಸ್ ಮುಗಿದ ಮೇಲೆ ಸೆಂಟಿನೆಲ್‌ನಲ್ಲಿ (ಪ್ರೊಸೆಸ್‌ನ ಸ್ಥಿತಿ ಬದಲಾದಾಗ ಈಮ್ಯಾಕ್ಸ್ ಕರೆಯೋ ಫಂಕ್ಷನ್) ಓದ್ತೀನಿ. (ಲಿಸ್ಟಿನೊಳಗೆ ಬಫರಿನ ಒಂದು ಜಾಗ ಗುರುತಿಸೋ ಮಾರ್ಕರ್ ನುಸುಳಿ ಅರ್ಧ ದಿನ ತಿಂದದ್ದು ಬೇರೆ ಕಥೆ. ಮಾರ್ಕರ್ ಆಗಲಿ ಬಫರ್ ಆಗಲಿ ಪ್ರಿಂಟ್ ಆದಮೇಲೆ ವಾಪಸ್ ಓದೋಕೆ ಬರಲ್ಲ.)

ಉಳಿದಿರೋ ತೊಂದರೆ ಇದು: ಆ ಕೊನೆಯ ಓದು ಮುಖ್ಯ ಪ್ರೊಸೆಸ್‌ನಲ್ಲೇ ನಡೆಯುತ್ತೆ. ಟೈಪ್ ಮಾಡ್ತಿದ್ದರೆ ಎರಡು ಸೆಕೆಂಡ್ ಅಕ್ಷರವೇ ಬೀಳಲ್ಲ, ಆಮೇಲೆ ದಬದಬ ಒಟ್ಟಿಗೆ ಬೀಳ್ತವೆ. ನನ್ನದು 29ನೇ ಆವೃತ್ತಿ. ಒಂದು ಸಲಕ್ಕೆ ಎಷ್ಟು ಓದಬಹುದು ಅನ್ನೋ ರೀಡ್-ಪ್ರೊಸೆಸ್-ಔಟ್‌ಪುಟ್-ಮ್ಯಾಕ್ಸ್ ಮಿತಿಯನ್ನು 4096 ಬೈಟ್‌ನಿಂದ ಒಂದು ಎಂಬಿಗೆ ಏರಿಸಿದೆ. ತುಂಡುಗಳು ಕಡಿಮೆಯಾದವು, ತಡೆ ಹಾಗೇ ಇದೆ.

ಫೈಲಿಗೊಂದು ಸಾಲಿನಂತೆ ಸಣ್ಣ ಲಿಸ್ಟ್ ಕಳಿಸಿ, ಹೊಸ ಸಾಲು ಕಂಡಾಗಲೆಲ್ಲ ಅಷ್ಟನ್ನೇ ಓದಿಕೊಂಡರೆ ಸರಿ ಹೋಗುತ್ತಾ? ಸ್ಟ್ರಿಂಗ್ ಒಳಗಿನ ಹೊಸ ಸಾಲುಗಳಿಗೆ, ಅವನ್ನ \n ಅಂತ ಬರೆಸೋ ಪ್ರಿಂಟ್-ಎಸ್ಕೇಪ್-ನ್ಯೂಲೈನ್ಸ್ ಸಾಕಾ, ಇಲ್ಲಾ ಪ್ರತಿ ಸಂದೇಶದ ಮುಂದೆ ಅದರ ಉದ್ದ ಬರೆಯಬೇಕಾ? ಮಾಡಿ ನೋಡಿದವರು ಹೇಳಿ.