‘ಬೆಸ್ಟ್ ಬಿಫೋರ್’ ಅಂದರೆ ಕನ್ನಡದಲ್ಲಿ ಏನು ಬರೆಯುವುದು?

ಎಲ್ಲರಿಗೂ ನಮಸ್ಕಾರ.

ಹಪ್ಪಳದ ತೊಟ್ಟೆಯ (ಪ್ಲಾಸ್ಟಿಕ್ ಚೀಲದ) ಹಿಂಬದಿಗೆ ಐದಾರು ಸಾಲು ಕನ್ನಡ ಬರೆದುಕೊಡಬೇಕಾಗಿದೆ. ಅರ್ಧ ಗಂಟೆಯ ಕೆಲಸ ಅಂದುಕೊಂಡು ಒಪ್ಪಿದವನು ಮೂರು ವಾರದಿಂದ ‘ಬೆಸ್ಟ್ ಬಿಫೋರ್’ ಎಂಬ ಎರಡು ಪದಗಳ ಬುಡದಲ್ಲೇ ಕೂತಿದ್ದೇನೆ. ಕರಡು ತಿದ್ದುವುದು ನನ್ನ ಹೊಟ್ಟೆಪಾಡು, ಆದರೂ ಇದು ಕೈಗೆ ಸಿಗುತ್ತಿಲ್ಲ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಬ್ರಹ್ಮಾವರದ ಹತ್ತಿರ ನನ್ನ ಚಿಕ್ಕಮ್ಮ ಮತ್ತು ಅಕ್ಕಪಕ್ಕದ ಏಳೆಂಟು ಮನೆಯ ಹೆಂಗಸರು ಸೇರಿ ಬೇಸಗೆಯಲ್ಲಿ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಬಾಳೆಕಾಯಿ ಚಿಪ್ಸು ಮಾಡಿ ಉಡುಪಿಯ ಅಂಗಡಿಗಳಿಗೆ ಕೊಡುತ್ತಾರೆ. ಹೋದ ವರ್ಷ ದೀಪಾವಳಿಯ ಹೊತ್ತಿಗೆ ಒಂದು ಅಂಗಡಿಯವರು ಅರುವತ್ತು ಕಟ್ಟು ಹಪ್ಪಳವನ್ನು ವಾಪಸು ಕಳಿಸಿದರು. “ಎಕ್ಸ್‌ಪೈರಿ ಹತ್ತಿರ ಬಂತು ಅಕ್ಕ, ಇನ್ನು ಯಾರೂ ತೆಗೊಳ್ಳುದಿಲ್ಲ” ಅಂತ. ಆ ಕಟ್ಟಿನ ಮೇಲೆ ಎಕ್ಸ್‌ಪೈರಿ ಎಂಬ ಮಾತೇ ಇರಲಿಲ್ಲ. ಇದ್ದದ್ದು ‘ಬೆಸ್ಟ್ ಬಿಫೋರ್ ಸಿಕ್ಸ್ ಮಂತ್ಸ್ ಫ್ರಮ್ ಪ್ಯಾಕಿಂಗ್’. ಪ್ಯಾಕಿಂಗ್ ಯಾವತ್ತು ಎಂದು ಹುಡುಕಿದರೆ, ತಾರೀಕನ್ನು ರಬ್ಬರ್ ಮೊಹರಿನಲ್ಲಿ ಒತ್ತಿದ್ದು ಸೀಲು ಹೊಡೆಯುವ ಅಂಚಿನಲ್ಲೇ. ಅಲ್ಲಿ ಪ್ಲಾಸ್ಟಿಕ್ ಸುರುಟಿಕೊಂಡು, ಒಂದು ಮಳೆಗಾಲದ ಒದ್ದೆ ಕೈಗಳೆಲ್ಲ ತಾಗಿ, ಮಾರ್ಚೋ ಮೇಯೋ ದೇವರಿಗೇ ಗೊತ್ತು.

ಚಿಕ್ಕಮ್ಮ ಒಂದು ಕಟ್ಟು ಬಿಚ್ಚಿ ನಾಲ್ಕು ಹಪ್ಪಳವನ್ನು ಎಣ್ಣೆಗೆ ಬಿಟ್ಟರು. ಬಾಣಲೆಯ ಅಗಲಕ್ಕೆ ಅರಳಿದವು. ಒಂದನ್ನು ಮುರಿದು ನನ್ನ ಕೈಗಿಟ್ಟು, “ಇದಕ್ಕೆ ಏನಾಗಿದೆ ಹೇಳು” ಅಂದರು. ಏನೂ ಆಗಿರಲಿಲ್ಲ. ಬೆಂಗಳೂರಿನಿಂದ ಬಂದಿದ್ದ ಮೊಮ್ಮಗಳು ಮಾತ್ರ ತೊಟ್ಟೆಯ ಹಿಂಬದಿ ಓದಿ, “ಡೇಟ್ ಆಗೋಯ್ತು ಅಜ್ಜಿ, ಬಿಸಾಕಿ” ಅಂದಳು. “ನಾವು ಮೂಸಿ ನೋಡಿ ತಿನ್ನುದಾ, ಡೇಟು ನೋಡಿ ತಿನ್ನುದಾ?” ಎಂದು ಚಿಕ್ಕಮ್ಮ ಇನ್ನೂ ನಾಲ್ಕು ಕರಿದರು.

ಈ ಸಲ ತೊಟ್ಟೆಯನ್ನೇ ಹೊಸದಾಗಿ ಮಾಡಿಸುತ್ತಿದ್ದಾರೆ, ಅದಕ್ಕೆ ಈ ಕೆಲಸ. ಹಳೆಯ ಲೇಬಲ್ಲು ಕಾನೂನಿನ ಪ್ರಕಾರವೂ ಸರಿ ಇರಲಿಲ್ಲ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐಯ 2020ರ ಲೇಬಲ್ ನಿಯಮದಂತೆ ತಯಾರಿಸಿದ ಅಥವಾ ಪ್ಯಾಕ್ ಮಾಡಿದ ತಾರೀಕಿನ ಜೊತೆ ‘ಎಕ್ಸ್‌ಪೈರಿ’ ಅಥವಾ ‘ಯೂಸ್ ಬೈ’ ತಾರೀಕು ಇರಲೇಬೇಕು. ‘ಬೆಸ್ಟ್ ಬಿಫೋರ್’ ಬೇಕಾದವರು ಹೆಚ್ಚುವರಿಯಾಗಿ ಹಾಕಿಕೊಳ್ಳಬಹುದು. ವಿವರಗಳು ಇಂಗ್ಲಿಷಿನಲ್ಲೋ ದೇವನಾಗರಿ ಹಿಂದಿಯಲ್ಲೋ ಇರಬೇಕು, ಜೊತೆಗೆ ಇನ್ನೊಂದು ಭಾಷೆಗೆ ಅಡ್ಡಿಯಿಲ್ಲ. ಎಕ್ಸ್‌ಪೈರಿ ದಾಟಿದ್ದನ್ನು ಮಾರುವಂತಿಲ್ಲ. ಬೆಸ್ಟ್ ಬಿಫೋರ್ ದಾಟಿದ್ದು ಹಾಗಲ್ಲ, ಅದರ ಗುಣ ಸ್ವಲ್ಪ ಇಳಿದಿರಬಹುದು, ತಿನ್ನಲು ಅಡ್ಡಿ ಇರಲಿಕ್ಕಿಲ್ಲ. ಎರಡೂ ಬೇರೆ ಬೇರೆ ಸಂಗತಿ. ಆದರೆ ಅಂಗಡಿಯಲ್ಲೂ ಮನೆಯಲ್ಲೂ ಎರಡಕ್ಕೂ ಒಂದೇ ಹೆಸರು: ಎಕ್ಸ್‌ಪೈರಿ. ಊರಲ್ಲಿ ಯಾರೋ ತೀರಿಕೊಂಡರೂ “ಎಕ್ಸ್‌ಪೈರ್ ಆದ್ರಂತೆ” ಅನ್ನುತ್ತೇವೆ. ಹೆಣಕ್ಕೂ ಹಪ್ಪಳಕ್ಕೂ ಒಂದೇ ಪದ ಆದಮೇಲೆ ಹಪ್ಪಳವನ್ನು ಯಾರು ಮುಟ್ಟುತ್ತಾರೆ?

ತಮಾಷೆಯೆಂದರೆ ಈ ಎರಡರ ಭೇದ ಕನ್ನಡಕ್ಕೆ ಹೊಸದೇ ಅಲ್ಲ. ತಂಗಳು ಬೇರೆ, ಹಳಸಿದ್ದು ಬೇರೆ. ‘ತಂಗಳು’ ಎಂಬುದರೊಳಗೆ ‘ತಣ್’ ಇದೆ: ಒಂದು ರಾತ್ರಿ ಕಳೆದು ತಣ್ಣಗಾದದ್ದು, ಅಷ್ಟೇ. ಅದರಲ್ಲಿ ದೂರು ಇಲ್ಲ. ನೀರು ಹಾಕಿಟ್ಟ ಕುಚ್ಚಲಕ್ಕಿ ಅನ್ನವನ್ನು ಬೆಳಿಗ್ಗೆ ಮಜ್ಜಿಗೆ, ಉಪ್ಪಿನಕಾಯಿಯ ಜೊತೆ ಉಂಡು ಗದ್ದೆಗೆ ಇಳಿದ ಊರು ಇದು. ‘ಹಳಸಿದ್ದು’ ಅಂದರೆ ಮುಗಿಯಿತು, ದನದ ಬಾಯಿಗೂ ಯೋಚಿಸಿ ಕೊಡಬೇಕು. ಬೆಸ್ಟ್ ಬಿಫೋರ್ ದಾಟಿದ್ದು ತಂಗಳು, ಯೂಸ್ ಬೈ ದಾಟಿದ್ದು ಹಳಸಿದ್ದು. ಅರ್ಥ ಇಷ್ಟು ನೇರವಾಗಿ ಕೂತರೂ ಪದವನ್ನು ಬಳಸುವ ಹಾಗಿಲ್ಲ. ತೊಟ್ಟೆಯ ಮೇಲೆ ‘ಇಂಥ ದಿನದಿಂದ ತಂಗಳು’ ಎಂದು ಅಚ್ಚು ಹಾಕಿಸಿದರೆ ಚಿಕ್ಕಮ್ಮ ನನ್ನನ್ನು ಮನೆಗೆ ಸೇರಿಸುವುದಿಲ್ಲ.

ಸರಿ, ಬೇರೆ ಏನು ಇದೆ? ‘ಇದಕ್ಕೆ ಮೊದಲು ಉತ್ತಮ’ ಎಂಬುದನ್ನು ಕೆಲವು ಪೊಟ್ಟಣಗಳ ಮೇಲೆ ನೋಡಿದ್ದೇನೆ. ಇಂಗ್ಲಿಷಿನ ಬೆನ್ನಿಗೆ ಕನ್ನಡದ ಅಂಗಿ. ಅದಕ್ಕಿಂತ ಮುಖ್ಯ ತಕರಾರು ಬೇರೆ: ‘ಮೊದಲು ಉತ್ತಮ’ ಅಂದ ಕೂಡಲೇ ನಮ್ಮ ಕಿವಿ ‘ಆಮೇಲೆ ಅಲ್ಲ’ ಎಂದು ತಾನೇ ಪೂರ್ತಿ ಮಾಡಿಕೊಳ್ಳುತ್ತದೆ. ‘ಆರು ತಿಂಗಳ ಒಳಗೆ ಬಳಸಿ’ ಅಂದರೆ ಇನ್ನೂ ಕಷ್ಟ, ಅದು ಕರೆಂಟು ಬಿಲ್ಲಿನ ಗಡುವಿನ ಹಾಗೆ ಕೇಳುತ್ತದೆ. ‘ವರೆಗೆ’ ಎಂಬುದು ಇವೆರಡಕ್ಕಿಂತ ಮೆದು: ‘ಇಂಥ ದಿನದವರೆಗೆ ಹೊಸ ಹಪ್ಪಳದ ರುಚಿ’. ಅಲ್ಲಿಯವರೆಗಿನ ಮಾತನ್ನು ಹೇಳಿ ಆಚೆಗಿನದನ್ನು ತಿನ್ನುವವರಿಗೆ ಬಿಡುತ್ತದೆ. ಮೊದಲು, ಒಳಗೆ, ವರೆಗೆ, ಈ ಮೂರರ ಛಾಯೆ ನನಗೆ ಅನಿಸಿದ ಹಾಗೆಯೇ ನಿಮಗೂ ಅನಿಸುತ್ತದೆಯೋ, ಅಥವಾ ಇದು ಕರಾವಳಿಯ ಕಿವಿಯೋ ತಿಳಿಸಿ.

ನಾರ್ವೆಯಲ್ಲಿ ಹಾಲಿನ ಪೊಟ್ಟಣಗಳ ಮೇಲೆ ತಾರೀಕಿನ ಪಕ್ಕದಲ್ಲೇ ‘ಆಮೇಲೂ ಹೆಚ್ಚಾಗಿ ಚೆನ್ನಾಗಿರುತ್ತದೆ’ ಎಂಬರ್ಥದ ಮಾತು ಸೇರಿಸಿದ್ದಾರೆ. ಅದನ್ನು ಓದಿದಾಗ ನಮ್ಮ ಊರಿನ ಒಂದು ಕ್ರಿಯಾಪದ ನೆನಪಾಯಿತು. “ಈ ಮೀನು ಆಗ್ತದಾ?” “ಆಗ್ತದೆ, ಆಗ್ತದೆ.” ಬಹಳ ಚಂದ ಅಂತ ಅಲ್ಲ, ತೊಂದರೆ ಇಲ್ಲ ಅಂತ. ‘ಆಮೇಲೂ ಆಗುತ್ತದೆ.’ ಎರಡೇ ಪದ. ಘಟ್ಟದ ಮೇಲಿನವರಿಗೆ ಇದು ಅದೇ ಅರ್ಥದಲ್ಲಿ ಕೇಳಿಸುತ್ತದೆಯೇ ಎಂಬುದು ನನ್ನ ಅನುಮಾನ.

‘ಷೆಲ್ಫ್ ಲೈಫ್’ಗೆ ‘ಕಪಾಟಿನ ಆಯಸ್ಸು’ ಎಂದು ಬರೆದವರಿದ್ದಾರೆ. ಬೇಡ. ಬಾಳಿಕೆ ಎನ್ನೋಣ ಎಂದರೆ ಅದು ಚಪ್ಪಲಿಗೆ, ಸೀರೆಗೆ, ಮಿಕ್ಸಿಗೆ. ತಿನ್ನುವ ವಸ್ತುವಿನ ಬಗ್ಗೆ ನಾವು ಕೇಳುವುದು “ಎಷ್ಟು ದಿನ ತಾಳ್ತದೆ?” ಎಂದು. ಹಾಗಾಗಿ ‘ತಾಳಿಕೆ’. ಇದು ನನಗೆ ಬಹುಮಟ್ಟಿಗೆ ಗಟ್ಟಿಯಾಗಿದೆ, ಆಕ್ಷೇಪ ಇದ್ದರೆ ಹೇಳಿ.

ಈಗ ಕೆಡುವ ಮಾತು. ಲೇಬಲ್ಲಿನ ಇಂಗ್ಲಿಷಿಗೆ ‘ಎಕ್ಸ್‌ಪೈರಿ’ ಒಂದೇ ಸಾಕು. ನಮ್ಮ ಅಡುಗೆಮನೆಗೆ ಸಾಲುವುದಿಲ್ಲ. ಅನ್ನ ಹಳಸುತ್ತದೆ, ಹಾಲು ಒಡೆಯುತ್ತದೆ, ಹರಿವೆ ಬಾಡುತ್ತದೆ, ಹಣ್ಣು ಕೊಳೆಯುತ್ತದೆ, ಅಕ್ಕಿ ಮುಗ್ಗುತ್ತದೆ, ಬೇಳೆಗೆ ಹುಳ ಹಿಡಿಯುತ್ತದೆ, ಉಪ್ಪಿನಕಾಯಿಗೆ ಬೂಸ್ಟು ಬರುತ್ತದೆ, ಕೊಬ್ಬರಿಯೂ ಎಣ್ಣೆಯೂ ಕಮಟುತ್ತವೆ, ಹಪ್ಪಳ ಮೆತ್ತಗಾಗುತ್ತದೆ. ತೊಟ್ಟೆಯ ವಿನ್ಯಾಸ ಮಾಡುತ್ತಿರುವ ಹುಡುಗನಿಗೆ ಇದನ್ನು ಸುಮ್ಮನೆ ಹೇಳುತ್ತಾ ಹೋದೆ. ಅವನು ಪೆನ್ನು ತೆಗೆದು ಬರೆದುಕೊಳ್ಳಲು ಶುರು ಮಾಡಿದ. ಅವನ ಕಣ್ಣಿಗೆ ಇದು ಸಮಾನಾರ್ಥಕ ಪದಗಳ ಪಟ್ಟಿ ಅಲ್ಲ. ಮೆತ್ತಗಾಗುವುದು ಹೊರಗಿನ ಪಸೆ, ಅಂದರೆ ತೇವ, ಒಳಗೆ ಹೋದದ್ದರಿಂದ. ಕಮಟುವುದು ಗಾಳಿಯ ಆಮ್ಲಜನಕದಿಂದ, ಬೆಳಕು ಬಿದ್ದರೆ ಇನ್ನೂ ಬೇಗ. ಬಾಡುವುದು ಒಳಗಿನ ನೀರು ಹೊರಗೆ ಹೋದದ್ದರಿಂದ, ಕೊಳೆಯುವುದು ಹೋಗಲಾರದೆ ಅಲ್ಲೇ ಬೆವರಿದ್ದರಿಂದ. ಸಾದಾ ಪಾಲಿಥೀನು ಪಸೆಯನ್ನು ತಕ್ಕಮಟ್ಟಿಗೆ ತಡೆಯುತ್ತದೆ, ಆಮ್ಲಜನಕವನ್ನು ತಡೆಯುವುದಿಲ್ಲ. ಹಾಗಾಗಿ ಸೀಲು ಸರಿಯಾಗಿ ಕೂತರೆ ಹಪ್ಪಳಕ್ಕೆ ಅದು ಸಾಕು. ಚಿಪ್ಸಿಗೆ ಸಾಲದು, ಒಳಗೆ ಅಲ್ಯೂಮಿನಿಯಂ ಪದರ ಬೇಕು, ಗಾಳಿ ತೆಗೆದು ನೈಟ್ರೋಜನ್ ತುಂಬಬೇಕು. ಸೊಪ್ಪು ತರಕಾರಿಯ ತೊಟ್ಟೆಗೆ ತೂತು ಇರಬೇಕು. ಯಾವ ಕ್ರಿಯಾಪದ ಎಂದು ಹೇಳಿದರೆ ಯಾವ ಪೊಟ್ಟಣ ಎಂದು ಅವನು ಹೇಳುತ್ತಾನೆ.

ನಮ್ಮ ಹಿರಿಯರು ಈ ಲೆಕ್ಕವನ್ನು ಬಾಳೆನಾರಿನಲ್ಲಿ ಮಾಡಿದ್ದರು. ಮಂಗಳೂರು ಸೌತೆಯನ್ನು ರಾಶಿ ಹಾಕುತ್ತಿರಲಿಲ್ಲ. ಒಂದೊಂದನ್ನೂ ನಾರಿನಲ್ಲಿ ಕಟ್ಟಿ ಮಾಡಿನ ಜಂತಿಗೆ ತೂಗಿಸುತ್ತಿದ್ದರು. ಒಂದಕ್ಕೊಂದು ತಾಗದೆ, ಸುತ್ತ ಗಾಳಿಯಾಡಿ, ಮಳೆಗಾಲದ ಆಟಿ ತಿಂಗಳ ಹುಳಿಗೆ ಅದೇ ಕಾಯಿ. ಅಕ್ಕಿಗೆ ಬೈಹುಲ್ಲಿನ ಮುಡಿ. ಅದು ಪೊಟ್ಟಣವೂ ಹೌದು, ಅಳತೆಯೂ ಹೌದು: ಒಂದು ಮುಡಿಗೆ ಮೂರು ಕಳಸೆ, ಕಳಸೆಗೆ 14 ಸೇರು, ಒಟ್ಟು 42. ‘ಪ್ಯಾಕೇಜಿಂಗ್’ಗೆ ಕನ್ನಡ ಯಾವುದು ಎಂದು ಇಲ್ಲಿ ಯಾರೋ ಹಿಂದೆ ಕೇಳಿದ್ದರು. ಮುಡಿ ಕಟ್ಟುವುದು, ಎಲೆಯ ಕೊಟ್ಟೆ ಕಟ್ಟುವುದು, ಬುತ್ತಿ ಕಟ್ಟುವುದು ಎಲ್ಲದರಲ್ಲೂ ‘ಕಟ್ಟು’ ಇದೆಯಲ್ಲ, ಇನ್ನೊಂದನ್ನು ಹುಡುಕುವುದು ಯಾಕೆ?

ತೊಟ್ಟೆಯ ಬಗ್ಗೆಯೂ ಒಂದು ಮಾತು. ಉಡುಪಿ, ಮಂಗಳೂರುಗಳಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ತೊಟ್ಟೆ ಎನ್ನುತ್ತೇವೆ, ಬೆಂಗಳೂರಿನವರು ಕವರ್ ಅನ್ನುವುದು ಇದಕ್ಕೇ. ಲೇಬಲ್ಲಿನ ಮೇಲೆ ಹಾಕಲಿಕ್ಕಿಲ್ಲ, ಅದರಲ್ಲಿ ಹಳೆಯ ಸಾರಾಯಿ ತೊಟ್ಟೆಯ ವಾಸನೆ ಇನ್ನೂ ಹೋಗಿಲ್ಲ. ‘ಪೊಟ್ಟಣ’ ಎಂದೇ ಬರೆಯುತ್ತೇನೆ. ‘ಆಫ್ಟರ್ ಓಪನಿಂಗ್’ ಇನ್ನೊಂದು ತೊಡಕು. ಹಪ್ಪಳಕ್ಕೆ ‘ಪೊಟ್ಟಣ ಒಡೆದ ಮೇಲೆ’ ಸರಿಹೋಗುತ್ತದೆ. ಉಪ್ಪಿನಕಾಯಿಯ ಗಾಜಿನ ಕುಪ್ಪಿಗೂ ಹಾಗೇ ಬರೆದಿದ್ದೆ. “ಕುಪ್ಪಿ ಒಡೆದ ಮೇಲೆ ಉಪ್ಪಿನಕಾಯಿ ಎಲ್ಲಿಂದ ತಿನ್ನುದು ಮಾರಾಯ, ಚೂರು ಹೆಕ್ಕಿಕೊಂಡಾ?” ಎಂದು ಚಿಕ್ಕಮ್ಮ ಕೇಳಿದರು. ಈಗ ಅಲ್ಲಿ ‘ಬಾಯಿ ತೆರೆದ ಮೇಲೆ ಒದ್ದೆ ಚಮಚ ಹಾಕಬೇಡಿ’ ಎಂದಿದೆ. ಕುಪ್ಪಿಯ ಬಾಯನ್ನೂ ಅಗಲ ಮಾಡಿಸಿದ್ದಾರೆ. ಹಳೆಯದರ ತಳದಲ್ಲಿ ನಾಲ್ಕು ಮಿಡಿ ಸಿಕ್ಕಿಕೊಂಡು, ಚಮಚ ಇಳಿಯದೆ, ಕುಪ್ಪಿಯ ಸಮೇತ ಕಸಕ್ಕೆ ಹೋಗುತ್ತಿತ್ತು.

ಇಷ್ಟೆಲ್ಲ ಹೇಳಿ, ತಾರೀಕನ್ನೇ ನೋಡಬೇಡಿ ಎಂದು ನಾನು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಎಲ್ಲವೂ ಮೂಗಿಗೆ ಸಿಗುವುದಿಲ್ಲ. ಬಂಗುಡೆ, ಬೂತಾಯಿಯಂಥ ಮೀನು ಹಿಮವಿಲ್ಲದೆ ಬಿಸಿಯಲ್ಲಿ ಕೂತರೆ ಹಿಸ್ಟಮೀನ್ ಎಂಬ ವಿಷ ಹುಟ್ಟುತ್ತದೆ. ವಾಸನೆಯಲ್ಲಿ ಗೊತ್ತಾಗಬೇಕೆಂದಿಲ್ಲ, ಎಷ್ಟು ಕುದಿಸಿದರೂ ಹೋಗುವುದಿಲ್ಲ. ಲಿಸ್ಟೀರಿಯ ಎಂಬ ಬ್ಯಾಕ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ. ಮೀನಿಗೆ, ಹಾಲಿಗೆ, ಬೇಯಿಸಿಟ್ಟ ತಿಂಡಿಗೆ ‘ಇದರ ನಂತರ ತಿನ್ನಬೇಡಿ’ ಎಂದು ಖಡಾಖಂಡಿತವಾಗಿಯೇ ಬರೆಯಬೇಕು. ಅಲ್ಲಿ ‘ಆಗುತ್ತದೆ’ ಆಗುವುದಿಲ್ಲ. ಎರಡಕ್ಕೂ ಎರಡು ದನಿ ಬೇಕು ಎಂಬುದಷ್ಟೇ ನನ್ನ ಹಟ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ 2022ರಲ್ಲಿ ಜಗತ್ತು ಹಾಳು ಮಾಡಿದ ಆಹಾರ 105 ಕೋಟಿ ಟನ್, ಅದರಲ್ಲಿ ನೂರಕ್ಕೆ 60 ಪಾಲು ಮನೆಗಳಲ್ಲೇ. ನಮ್ಮ ದೇಶದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೋ. ಅದರಲ್ಲಿ ತಪ್ಪಾಗಿ ಓದಿದ ತಾರೀಕಿನ ಪಾಲೂ ಒಂದಿಷ್ಟು ಇದ್ದೇ ಇದೆ, ಆ ಅರುವತ್ತು ಕಟ್ಟು ಹಪ್ಪಳವನ್ನು ನಾವೇ ತಿಂದು ಮುಗಿಸಿದ್ದು ಬೇರೆ ಮಾತು.

ಸದ್ಯಕ್ಕೆ ಹಪ್ಪಳದ ಹಿಂಬದಿಗೆ ನಾನು ಬರೆದಿಟ್ಟದ್ದು ಹೀಗಿದೆ:

“ಇಂಥ ದಿನದವರೆಗೆ ಹೊಸ ಹಪ್ಪಳದ ರುಚಿ. ಆಮೇಲೂ ಆಗುತ್ತದೆ. ಮೆತ್ತಗಾಗಿದ್ದರೆ ಒಂದು ಬಿಸಿಲು ಕಾಣಿಸಿ. ಬೂಸ್ಟು ಕಂಡರೆ, ಮುಗ್ಗಲು ವಾಸನೆ ಬಂದರೆ ಬೇಡ. ಕೊನೆಯ ದಿನ: ಇಂಥದ್ದು.”

ಎರಡೂ ತಾರೀಕು ಪೂರ್ತಿಯಾಗಿ ಇರುತ್ತವೆ, ತಿಂಗಳು ಎಣಿಸುವ ಕೆಲಸ ಕೊಳ್ಳುವವರಿಗಿಲ್ಲ. ಜಾಗ ಸೀಲಿನ ಅಂಚಲ್ಲ, ನಡುವೆ ಒಂದು ಬಿಳಿ ಚೌಕ. ಮೂವತ್ತು ಹಪ್ಪಳದ ಕಟ್ಟಿನೊಳಗೆ ಹತ್ತು ಹತ್ತರ ಮೂರು ಪೊಟ್ಟಣ ಮಾಡುತ್ತಾರೆ, ಇಬ್ಬರೇ ಇರುವ ಮನೆಯಲ್ಲಿ ಒಂದು ಒಡೆದರೆ ಉಳಿದೆರಡು ಗರಿಗರಿಯಾಗೇ ಇರಲಿ ಎಂದು. ‘ಬಿಸಿಲು ಕಾಣಿಸಿ’ ಎಂಬುದನ್ನು ವಿನ್ಯಾಸದ ಹುಡುಗ ‘ಬಿಸಿಲಿನಲ್ಲಿ ಒಣಗಿಸಿ’ ಎಂದು ಬದಲಾಯಿಸಲು ಹೊರಟಿದ್ದ, ನಾನು ಬಿಡಲಿಲ್ಲ. ಒಣಗಿಸುವುದಕ್ಕೆ ಇಡೀ ದಿನ ಬೇಕು, ಕಾಣಿಸುವುದಕ್ಕೆ ಊಟಕ್ಕೆ ಮುಂಚಿನ ಒಂದು ಗಂಟೆ ಸಾಕು.

‘ಕೊನೆಯ ದಿನ’ ಎಂಬುದರ ಬಗ್ಗೆ ನನಗೇ ಸಮಾಧಾನವಿಲ್ಲ. ಅರ್ಜಿ ಹಾಕುವ ಕೊನೆಯ ದಿನದಂತೆ ಕೇಳುತ್ತದೆ. ‘ಅವಧಿ ಮುಗಿಯುವ ದಿನ’ ಸರಕಾರಿ. ಇದಕ್ಕಿಂತ ಚೆನ್ನಾದದ್ದು ಹೊಳೆದರೆ ಹೇಳಿ.

ಇನ್ನೊಂದು ಕೇಳಲಿಕ್ಕಿದೆ. ಅನ್ನಕ್ಕೆ ಹಳಸು, ಎಣ್ಣೆಗೆ ಕಮಟು, ಅಕ್ಕಿಗೆ ಮುಗ್ಗು ಎಂದು ಒಂದೊಂದಕ್ಕೂ ಒಂಟಿ ಕ್ರಿಯಾಪದ ಕೊಟ್ಟ ಕನ್ನಡ, ಪಸೆ ಎಳೆದುಕೊಂಡ ಹಪ್ಪಳ, ಸಂಡಿಗೆ, ಚಕ್ಕುಲಿಗೆ ಮಾತ್ರ ‘ಮೆತ್ತಗಾಗು’ ಎಂಬ ಸಪ್ಪೆ ಮಾತು ಕೊಟ್ಟು ಸುಮ್ಮನಾದದ್ದನ್ನು ನಾನು ನಂಬುವುದಿಲ್ಲ. ಶಿರಸಿಯಲ್ಲೋ, ಧಾರವಾಡದಲ್ಲೋ, ಮೈಸೂರು ಕಡೆಯೋ ಇದಕ್ಕೊಂದು ಪದ ಇದ್ದೇ ಇರಬೇಕು. ನಿಮ್ಮ ಮನೆಯಲ್ಲಿ ಅಜ್ಜಿ ಡಬ್ಬದ ಮುಚ್ಚಳ ತೆಗೆದು, ಒಂದು ಚಕ್ಕುಲಿ ಕಚ್ಚಿ ನೋಡಿ, ಏನು ಹೇಳುತ್ತಾರೆ? ಹಲಸು ಬಲಿಯುವುದರೊಳಗೆ ತಿಳಿಸಿದರೆ ಅಚ್ಚಿಗೆ ಸೇರಿಸಬಹುದು.